ಬಂದ್‌ನ ಹಿಂದಿನ ರಾತ್ರಿ ಯಾರು ಮಾತಾಡಬೇಕು?

ನಾಳೆ ಬಂದ್ ಎಂದು ಆಟೋಗೆ ಕಟ್ಟಿದ ಮೈಕು ಮದ್ದೂರಿನ ಪೇಟೆಬೀದಿಯಲ್ಲಿ ಸಾರಿ ಹೋದದ್ದೇ ತಡ, ಊರಿಗೆ ಊರೇ ಪ್ರಶ್ನೆ ಕೇಳತೊಡಗುತ್ತದೆ. "ಏನಣ್ಣಾ, ನಾಳೀಕೆ ಬಸ್ಸು ಬತ್ತದಾ?" "ಇಸ್ಕೂಲು ಐತಾ ಇಲ್ವಾ?" "ಅರ್ಧ ಬಾಗಿಲು ತೆಗೆದು ಯಾಪಾರ ಮಾಡ್ಬೌದಾ?" "ಮೆರವಣಿಗೆ ನಮ್ಮ ಬೀದೀಲಿ ಬತ್ತದಂತಾ?" ಉತ್ತರ ಹೇಳಬೇಕಾದವರು ಆ ಹೊತ್ತಿಗೆ ಕಚೇರಿಯೊಳಗೆ ಸಭೆಯಲ್ಲಿರುತ್ತಾರೆ. ಸಭೆ ಮುಗಿದ ಮೇಲೆ ಕ್ಯಾಮೆರಾದ ಮುಂದೆ ಬರುವುದು ಒಂದೇ ಮಾತು: ಬಿಗಿ ಬಂದೋಬಸ್ತ್ ಮಾಡಲಾಗಿದೆ, ಯಾರೂ ಆತಂಕಪಡಬೇಕಾಗಿಲ್ಲ. ಇಷ್ಟು ಹೇಳಿ ಜೀಪು ಹೊರಟರೆ ಇದ್ದ ಆತಂಕ ದುಪ್ಪಟ್ಟಾಗುತ್ತದೆ. ಅಷ್ಟರಲ್ಲಿ ವಾಟ್ಸಾಪ್ ಗುಂಪುಗಳು ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟು ಮುಗಿಸಿರುತ್ತವೆ. ಯಾವುದೋ ರಾಜ್ಯದ, ಯಾವುದೋ ವರ್ಷದ ವಿಡಿಯೊ ನಮ್ಮ ಕೊಲ್ಲಿ ಸರ್ಕಲ್ಲಿನದ್ದಾಗಿ, ನಮ್ಮ ಮಸೀದಿ ಬೀದಿಯದ್ದಾಗಿ ಮನೆಮನೆ ಸುತ್ತುತ್ತದೆ. ಕಚೇರಿ ಸುಮ್ಮನಿದ್ದ ಆ ನಾಲ್ಕು ತಾಸಿನಲ್ಲೇ ಊರು ಎರಡಾಗುವುದು.

ನಮ್ಮ ಮಂಡ್ಯ ಜಿಲ್ಲೆಗೆ ಹೋರಾಟ ಹೊಸದಲ್ಲ. ಹೋರಾಟ ಬೇಡವೆಂದು ನಾನು ಹೇಳುತ್ತಲೂ ಇಲ್ಲ. 1938ರ ಏಪ್ರಿಲ್‌ನಲ್ಲಿ ಇದೇ ಮದ್ದೂರಿನ ಪಕ್ಕದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ರಾಷ್ಟ್ರಧ್ವಜ ಹಾರಿಸಕೂಡದೆಂದು ಸರ್ಕಾರ ನಿಷೇಧ ಹೇರಿತ್ತು. ಅಧ್ಯಕ್ಷರಾಗಿದ್ದ ಟಿ. ಸಿದ್ದಲಿಂಗಯ್ಯನವರೂ ಸಂಗಡಿಗರೂ ನಿಷೇಧ ಮೀರಿ ಬಂಧನಕ್ಕೊಳಗಾದರು. ಮಾಡುವುದೇನು, ಎಲ್ಲಿ, ಎಂದು, ಯಾರು ಹೊಣೆ ಎಂಬುದು ಸರ್ಕಾರಕ್ಕೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಆಗಲೇ ಆಳುವವರು ಎದುರು ಕೂತು ಮಾತಾಡಬಹುದಿತ್ತು, ಮಾತಾಡಲಿಲ್ಲ. ಅದೇ ತಿಂಗಳ 25ರಂದು, ಇದೇ ಧ್ವಜದ ವಿಷಯಕ್ಕೆ, ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಜನ ಬಲಿಯಾದರು. ಆಮೇಲೆ ಮಾತುಕತೆ ನಡೆಯಿತು, ಸಂಸ್ಥಾನದ ಧ್ವಜದ ಜೊತೆ ರಾಷ್ಟ್ರಧ್ವಜವೂ ಹಾರಬಹುದೆಂದಾಯಿತು. ಹೆಣ ಬಿದ್ದ ಮೇಲೆ ಆಡಿದ ಮಾತನ್ನು ಹೆಣ ಬೀಳುವ ಮೊದಲೇ ಆಡಬಹುದಿತ್ತಲ್ಲ ಎಂಬ ಸಂಕಟ ಇಂದಿಗೂ ಹಾಗೇ ಇದೆ.

ಕಾವೇರಿಯ ಕತೆಯೂ ಬೇರೆಯಲ್ಲ. 1991ರ ಜೂನ್‌ನಲ್ಲಿ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಡಿಸೆಂಬರ್‌ನಲ್ಲಿ ಅದು ಗೆಜೆಟ್‌ನಲ್ಲಿ ಪ್ರಕಟವಾಯಿತು. ನಾಲೆಯ ಕೊನೆಯಂಚಿನ ಮದ್ದೂರು, ಮಳವಳ್ಳಿ ರೈತರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟಿನ ಹೆಸರಲ್ಲಿ ಪೆಟ್ಟು ಬಿದ್ದದ್ದು ಯಾರಿಗೆ? ಬೆಂಗಳೂರಿನಲ್ಲೂ ನಮ್ಮ ಸೀಮೆಯಲ್ಲೂ ಕೂಲಿಮಾಡಿ ಬದುಕುತ್ತಿದ್ದ ತಮಿಳು ಮಾತಾಡುವ ಬಡವರಿಗೆ. 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಒಂದೇ ಡಿಪೋದಲ್ಲಿ ಹತ್ತಾರು ಬಸ್ಸು ಉರಿದವು. ಅದರಿಂದ ನಮ್ಮ ನಾಲೆಗೆ ಒಂದು ಹನಿ ನೀರೂ ಹೆಚ್ಚಿಗೆ ಹರಿಯಲಿಲ್ಲ. 2023ರ ಸೆಪ್ಟೆಂಬರ್ 23ರಂದು ಮಂಡ್ಯ ಬಂದ್ ಆಯಿತು. ಯಾರು ಕರೆ ಕೊಟ್ಟರು, ಏಕೆ ಕೊಟ್ಟರು ಎಂಬುದು ಊರಿಗೆಲ್ಲ ಗೊತ್ತಿತ್ತು. ಸಿಟ್ಟು ಕಡಿಮೆಯೇನಿರಲಿಲ್ಲ, ಆದರೂ ದೊಡ್ಡ ಅನಾಹುತವಿಲ್ಲದೆ ದಿನ ಕಳೆಯಿತು.

ಈಚಿನ ಎರಡು ಮೂರು ವರ್ಷಗಳಲ್ಲಿ ಬಂದ್‌ನ ಕಾರಣ ಬದಲಾಗಿದೆ. 2024ರ ಜನವರಿಯಲ್ಲಿ ಕೆರಗೋಡಿನ ಧ್ವಜಸ್ತಂಭದಲ್ಲಿ ಹಾರಿಸಿದ ಹನುಮಧ್ವಜದ ಗಲಾಟೆ. ಅದೇ ವರ್ಷ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದ ಗಣೇಶನ ಮೆರವಣಿಗೆ, ಸುಟ್ಟು ಕರಕಲಾದ ಅಂಗಡಿಗಳು. 2025ರ ಸೆಪ್ಟೆಂಬರ್ 7ರ ರಾತ್ರಿ ಮದ್ದೂರಿನಲ್ಲಿ ಮೆರವಣಿಗೆಯ ಮೇಲೆ ಕಲ್ಲು, ಮರುದಿನ ಲಾಠಿ, 9ರಂದು ಬಂದ್. ಕಲ್ಲು ಬಿದ್ದ ಬಡಾವಣೆಯ ಹೆಸರು ರಾಮ್ ರಹೀಮ್ ನಗರ. ಇಬ್ಬರನ್ನೂ ಒಂದೇ ಬೋರ್ಡಿನಲ್ಲಿ ಬರೆಸಿದ ಹಿರಿಯರಿಗೆ ನಾವು ಕೊಟ್ಟ ಮರ್ಯಾದೆ ಇದು.

ಕಲ್ಲು ಎಸೆದವನು ಯಾವ ದೇವರಿಗೆ ಕೈಮುಗಿಯುವವನಾದರೂ ಕಾನೂನಿನ ಕೈಗೆ ಸಿಗಬೇಕು. ಕಲ್ಲು ಎಸೆಯದವನ ಅಂಗಡಿಗೆ, ಅವನು ಯಾವ ದೇವರಿಗೆ ಕೈಮುಗಿದರೂ, ಒಂದು ಗೀರು ಬೀಳಬಾರದು. ಇದರಲ್ಲಿ ಒಂದನ್ನು ಗಟ್ಟಿಯಾಗಿ ಕೂಗಿ ಇನ್ನೊಂದನ್ನು ನುಂಗಿಕೊಳ್ಳುವವರು ನ್ಯಾಯ ಕೇಳುತ್ತಿಲ್ಲ, ಲೆಕ್ಕ ತೀರಿಸುತ್ತಿದ್ದಾರೆ.

ಬಂದ್ ಎಂದರೆ ಒಂದು ದಿನದ ನಷ್ಟ ಎನ್ನುವವರು ಮಳವಳ್ಳಿಯ ಯಾವುದಾದರೂ ಹಳ್ಳಿಯ ರೇಷ್ಮೆ ಮನೆಯೊಳಗೆ ಕಾಲಿಟ್ಟು ನೋಡಬೇಕು. ಹುಳು ಚಂದ್ರಿಕೆ ಏರಿ ಗೂಡು ಕಟ್ಟಿ ಐದಾರು ದಿನಕ್ಕೆ ಮನೆಮಂದಿಯೆಲ್ಲ ಕೂತು ಗೂಡು ಬಿಡಿಸುತ್ತಾರೆ. ಬಿಡಿಸಿದ ಗೂಡು ತಡಮಾಡದೆ ರಾಮನಗರದ ಮಾರುಕಟ್ಟೆ ಸೇರಬೇಕು. ತಡವಾದಷ್ಟೂ ತೂಕ ಇಳಿಯುತ್ತದೆ. ಚಿಟ್ಟೆ ಗೂಡು ಕೊರೆದು ಹೊರಬಂತೆಂದರೆ ಆ ಗೂಡಿನಿಂದ ನೂಲು ತೆಗೆಯಲಾಗದು, ತಿಂಗಳ ಸೊಪ್ಪು, ತಿಂಗಳ ನಿದ್ದೆ ಎಲ್ಲ ಮಣ್ಣುಪಾಲು. ಆ ಮಾರುಕಟ್ಟೆಯ ಹರಾಜಿನಲ್ಲಿ ಗೂಡು ಕೊಳ್ಳುವ ರೀಲರ್‌ಗಳಲ್ಲಿ ಬಹಳಷ್ಟು ಜನ ಮುಸ್ಲಿಮರು, ಗೂಡು ತಂದವರಲ್ಲಿ ಬಹಳಷ್ಟು ಜನ ನಮ್ಮ ಒಕ್ಕಲು ಮಕ್ಕಳು. ಇಬ್ಬರ ಒಲೆಯೂ ಉರಿಯುವುದು ಅದೇ ಗೂಡಿನಿಂದ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ದೂರದ ಊರುಗಳಿಗೆ ಹೊರಡಬೇಕಾದ ಲಾರಿ ನಿಂತರೆ ಮರ ಹತ್ತಿ ಕುಯ್ದವನಿಗೂ ಲೋಡು ಎತ್ತಿದವನಿಗೂ ಅಂದಿನ ಕೂಲಿ ಇಲ್ಲ. ನಾಳೆ ರಸ್ತೆ ಎಷ್ಟು ಗಂಟೆಯವರೆಗೆ ಮುಚ್ಚಿರುತ್ತದೆಂದು ಹಿಂದಿನ ದಿನವೇ ಗೊತ್ತಾಗಿದ್ದರೆ ಗೂಡು ರಾತ್ರಿಯೇ ಹೊರಡುತ್ತಿತ್ತು, ಕಾಯಿ ಮರದಲ್ಲೇ ಉಳಿಯುತ್ತಿತ್ತು.

ಹಾಗಾಗಿ ಮೊದಲು ಅಧಿಕಾರಿಗಳಿಗೆ ಹೇಳುತ್ತೇನೆ. ಸ್ವಾಮಿ, ನಿಮ್ಮ ಮೌನ ನಿಮಗೆ ಎಚ್ಚರಿಕೆಯಂತೆ ಕಾಣಬಹುದು. ಆಡಿದ ಮಾತು ನಾಳೆ ನಿಮ್ಮ ತಲೆಗೇ ಬಂದೀತೆಂಬ ಅಂಜಿಕೆಯೂ ಇರಬಹುದು. ಆದರೆ ಜನ ಕೇಳುತ್ತಿರುವುದು ಭಾಷಣವಲ್ಲ. ಮೆರವಣಿಗೆ ಯಾವ ದಾರಿಯಲ್ಲಿ, ಎಷ್ಟು ಗಂಟೆಗೆ? ಯಾವ ಊರಿನ ಬಸ್ಸು ಓಡುತ್ತದೆ? ಶಾಲೆಗೆ ರಜೆಯೋ ಇಲ್ಲವೋ? ಹೆರಿಗೆ ನೋವು ಬಂದವಳನ್ನು ಯಾವ ರಸ್ತೆಯಲ್ಲಿ ಕರೆದೊಯ್ಯಬೇಕು? ತೊಂದರೆಯಾದರೆ ಯಾವ ನಂಬರಿಗೆ ಕರೆ ಮಾಡಬೇಕು, ಫೋನು ಎತ್ತುವವರು ಯಾರು? ಇಷ್ಟನ್ನು ಹಿಂದಿನ ದಿನ ಸಂಜೆಯೊಳಗೆ ಹೇಳಿ. ಬಂದ್ ಕರೆ ಸಾರಲು ಒಂದು ಆಟೋ, ಒಂದು ಮೈಕು ಸಾಕಾದರೆ ಸರ್ಕಾರದ ಮಾತು ಸಾರಲೂ ಅಷ್ಟೇ ಸಾಕು. ನಿಷೇಧಾಜ್ಞೆ ಹಾಕುವುದಾದರೆ ಅದನ್ನು ಕಾರಣ ಸಮೇತ ಜನರ ಮುಂದಿಡಿ. ಅಂಥ ಆದೇಶಗಳನ್ನು ಪ್ರಕಟಿಸಲೇಬೇಕೆಂದು ಸುಪ್ರೀಂ ಕೋರ್ಟು 2020ರ ಜನವರಿಯಲ್ಲೇ ಹೇಳಿದೆ. ಸುಳ್ಳು ವಿಡಿಯೊ ಹರಿದಾಡಿದರೆ ಇದು ಸುಳ್ಳು ಎಂದು ಅರ್ಧ ತಾಸಿನಲ್ಲಿ ಹೇಳಿ. ಹೋದ ಸಲದ ಕೇಸು ಎಲ್ಲಿಗೆ ಬಂತು ಎಂಬುದನ್ನೂ ಹೇಳಿ. ತಪ್ಪಿತಸ್ಥರಿಗೆ ಶಿಕ್ಷೆಯಾಗುತ್ತಿದೆ ಎಂದು ಕಂಡ ಊರು ತಾನೇ ಬೀದಿಗಿಳಿದು ಶಿಕ್ಷೆ ಕೊಡಲು ಹೋಗುವುದಿಲ್ಲ.

ಶಾಂತಿಸಭೆಯ ವಿಷಯವೂ ಇದೆ. ಪ್ರತಿಸಲವೂ ಅದೇ ಹತ್ತು ಮುಖಂಡರು, ಅದೇ ಕುರ್ಚಿ, ಅದೇ ಕಾಫಿ. ಮೆರವಣಿಗೆ ಸಾಗುವ ಬೀದಿಯ ಹೆಂಗಸರನ್ನು ಕರೆದಿದ್ದೀರಾ? ಆಟೋದವರನ್ನು, ಹೂವು ಮಾರುವವರನ್ನು, ಶಾಲೆಯ ಮೇಷ್ಟ್ರನ್ನು, ಡೊಳ್ಳು ಬಾರಿಸುವ ಹುಡುಗರನ್ನು? ಕಿಟಕಿ ಮುಚ್ಚಿಕೊಂಡು ರಾತ್ರಿ ಕಳೆಯುವವರು ಸಭೆಯಲ್ಲಿರಬೇಕು. ಊರಿನ ನಾಡಿ ಅವರಿಗೆ ಗೊತ್ತು.

ಇನ್ನು ಕರೆ ಕೊಡುವ ಗೆಳೆಯರಿಗೆ. ಪ್ರತಿಭಟನೆ ನಿಮ್ಮ ಹಕ್ಕು, ಯಾರೂ ಕಿತ್ತುಕೊಳ್ಳಲಾರರು. ಬಲವಂತದಿಂದ ಬಾಗಿಲು ಹಾಕಿಸುವ ಬಂದ್ ಹಕ್ಕಲ್ಲವೆಂದು ಕೇರಳ ಹೈಕೋರ್ಟು 1997ರಲ್ಲಿ ಹೇಳಿತು, ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ನಿಮ್ಮ ಮಾತಿನಲ್ಲಿ ಸತ್ಯವಿದ್ದರೆ ಅಂಗಡಿಯವನು ತಾನಾಗಿ ಬಾಗಿಲೆಳೆಯುತ್ತಾನೆ, ಕೋಲು ಹಿಡಿದು ನಿಲ್ಲಬೇಕಾಗಿಲ್ಲ. ಕರಪತ್ರದಲ್ಲಿ ಹೊಣೆಗಾರರ ಹೆಸರು ಹಾಕಿ. ದಾರಿ ಹೇಳಿ, ಮುಗಿಸುವ ಹೊತ್ತು ಹೇಳಿ. ಗುಂಪಿನ ಬಾಲದಲ್ಲಿ ಸೇರಿಕೊಳ್ಳುವ ಗುರುತಿಲ್ಲದ ಮುಖಗಳನ್ನು ನೀವೇ ತಡೆಯಿರಿ. ಶಿವಪುರದವರು ತಾವು ಜೈಲಿಗೆ ಹೋಗಲು ಸಿದ್ಧರಾಗಿ ಬಂದಿದ್ದರು. ಅಕ್ಕಪಕ್ಕದವರನ್ನು ಹೆದರಿಸಲು ಬಂದಿರಲಿಲ್ಲ. ಅವರ ಹೆಸರು ಹೇಳಿಕೊಳ್ಳುವ ಯಾರಿಗೇ ಆದರೂ ಅದೇ ಅಳತೆ.

ಕೊನೆಗೆ ನಾವು, ಯಾವ ಸಂಘದಲ್ಲೂ ಇಲ್ಲದವರು, ಮಂಡ್ಯ ಮದ್ದೂರು ಮಳವಳ್ಳಿಯ ಸಾಮಾನ್ಯರು. ನಮ್ಮ ಮೌನವೂ ಅಧಿಕಾರಿಗಳ ಮೌನಕ್ಕಿಂತ ಕಡಿಮೆಯದಲ್ಲ. ಗುಂಪಿನಲ್ಲಿ ಸುಳ್ಳು ಬಂದಾಗ ಸುಳ್ಳೆಂದು ಗೊತ್ತಿದ್ದೂ, ನಮಗ್ಯಾಕೆ ಊರ ಉಸಾಬರಿ ಎಂದು ಬೆರಳು ಹಿಂದೆಳೆದುಕೊಳ್ಳುತ್ತೇವೆ. ಕಾವೇರಿ ಗಲಾಟೆಯೆಂದರೆ ಮಂಡ್ಯದ ತಮಿಳು ಕಾಲೋನಿಯವರು, ಗಣೇಶನ ಗಲಾಟೆಯೆಂದರೆ ಮಸೀದಿ ಬೀದಿಯವರು, ಮೆರವಣಿಗೆಗೆ ಮಗನನ್ನು ಕಳಿಸಿ ಬಾಗಿಲಲ್ಲಿ ಕಾಯುವ ತಾಯಂದಿರು, ಇವರೆಲ್ಲ ನಮ್ಮ ಜೊತೆ ಸಂತೆಯಲ್ಲಿ ಚೌಕಾಸಿ ಮಾಡಿದವರೇ. ಮುಂದಿನ ಸಲ ಮೈಕು ಕೂಗಿದಾಗ ಮೂರು ಕೆಲಸ ಮಾಡೋಣ. ತಾಲ್ಲೂಕು ಕಚೇರಿಗೆ ಹತ್ತು ಜನ ಒಟ್ಟಿಗೆ ಹೋಗಿ, ಉತ್ತರ ಹೇಳುವವರೆಗೆ ಅಲ್ಲೇ ಕೂರೋಣ. ಕರೆ ಕೊಟ್ಟವರನ್ನು ಹುಡುಕಿ, ಏನಾದರೂ ಆದರೆ ನೀವೇ ಹೊಣೆಯೇನಪ್ಪ ಎಂದು ಮುಖಾಮುಖಿ ಕೇಳೋಣ. ನಮ್ಮದಲ್ಲದ ಬೀದಿಯ ಒಂದು ಮನೆಗಾದರೂ ಹೋಗಿ, ನಾಳೆ ಏನೇ ಆದರೂ ನಾವಿದ್ದೀವಿ ಎಂದು ಹೇಳಿಬರೋಣ. ಹೇಳಿದ ಮೇಲೆ ಅದರಂತೆ ನಿಲ್ಲೋಣ.