ಮಾತು ಬಂತು, ಓದು ಯಾವಾಗ?

ಪುಣೆಯ ವಾಕಡ್‌ನಲ್ಲಿ ನಾವಿರುವ ಸೊಸೈಟಿಯಲ್ಲಿ ಹನ್ನೊಂದು ಕನ್ನಡದ ಮನೆಗಳಿವೆ. ಹೆಚ್ಚಿನವರು ವಿಜಯಪುರ, ಬೆಳಗಾವಿ, ಕಲಬುರಗಿ ಕಡೆಯಿಂದ ಬಂದು ಹಿಂಜವಡಿಯ ಐಟಿ ಕಂಪನಿಗಳಲ್ಲಿ ದುಡಿಯುವವರು. ಎಲ್ಲ ಮನೆಯ ಮಕ್ಕಳಿಗೂ ಕನ್ನಡ ಮಾತು ಬರುತ್ತದೆ. ಶಾಲೆಯಲ್ಲಿ ಇಂಗ್ಲಿಷ್, ಲಿಫ್ಟಿನಲ್ಲಿ ಹಿಂದಿ, ಕೆಲಸಕ್ಕೆ ಬರುವ ಮಾವಶಿಯ ಜೊತೆ ಮರಾಠಿ, ಮನೆಯೊಳಗೆ ಕನ್ನಡ. ಆದರೆ ಕನ್ನಡ ಓದಬಲ್ಲ ಮಕ್ಕಳನ್ನು ಎಣಿಸಲು ಒಂದು ಕೈಯ ಬೆರಳುಗಳೇ ಹೆಚ್ಚು. ಕೇಳಿದರೆ ಅಪ್ಪ ಅಮ್ಮಂದಿರ ಉತ್ತರ ಒಂದೇ: ‘ಮೊದಲು ಇಂಗ್ಲಿಷ್ ಗಟ್ಟಿಯಾಗಲಿ, ಕನ್ನಡ ಆಮೇಲೆ ಕಲಿಸಿದರಾಯ್ತು.’

ಆ ‘ಆಮೇಲೆ’ ಬರುವುದೇ ಇಲ್ಲ ಎಂಬುದು ನನ್ನ ವಾದ. ಅದಕ್ಕೆ ಕಾರಣ ಮಗುವಿನ ಮಿದುಳಲ್ಲ, ಮಗುವಿನ ಮರ್ಯಾದೆ. ಆರು ವರ್ಷದ ಮಗು ಇಂಗ್ಲಿಷಿನಲ್ಲಿ ‘ಕ್ಯಾಟ್, ಮ್ಯಾಟ್’ ಎಂದು ಬೆರಳಿಟ್ಟು ಓದುತ್ತಿರುತ್ತದೆ. ಅದೇ ಸಂಜೆ ಕನ್ನಡದಲ್ಲಿ ‘ಸರ, ಅರಸ’ ಎಂದು ಓದಿದರೆ ಅದಕ್ಕೆ ಅವಮಾನವಿಲ್ಲ, ಎರಡರಲ್ಲೂ ಅದು ಹೊಸಬ. ಹತ್ತು ವರ್ಷವಾದಾಗ ಮಗು ಇಂಗ್ಲಿಷಿನಲ್ಲಿ ಇನ್ನೂರು ಪುಟದ ಕಾದಂಬರಿ ಮುಗಿಸಿರುತ್ತದೆ. ಆಗ ಅದರ ಮುಂದೆ ‘ಅರಸ’ನ ಚಿತ್ರವಿರುವ ಪುಸ್ತಕ ಇಟ್ಟು ನೋಡಿ. ಅದು ಸೋಫಾದಿಂದ ಎದ್ದುಹೋಗುತ್ತದೆ. ತಪ್ಪು ಅದರದ್ದಲ್ಲ.

ಎರಡು ಲಿಪಿ ಒಟ್ಟಿಗೆ ಕಲಿಸಿದರೆ ಮಗು ಗೊಂದಲಕ್ಕೀಡಾಗುತ್ತದೆ ಎಂಬ ಭಯ ಎಲ್ಲರಿಗೂ ಇದೆ. ನನ್ನ ಮಗಳ ಶಾಲೆಯ ಪೋಷಕರ ಸಭೆಯಲ್ಲಿ ಒಬ್ಬ ಶಿಕ್ಷಕಿ ‘ಮನೆಯಲ್ಲೂ ಇಂಗ್ಲಿಷೇ ಮಾತಾಡಿ’ ಎಂದು ಸಲಹೆ ಕೊಟ್ಟರು. ವಾಸ್ತವವಾಗಿ ಎರಡು ಲಿಪಿಯಿಂದ ಪುಣೆಯಲ್ಲಿ ಯಾರೂ ತಪ್ಪಿಸಿಕೊಳ್ಳಲಾಗದು. ಮಹಾರಾಷ್ಟ್ರ ಸರ್ಕಾರ 2020ರಲ್ಲಿ ಕಾಯ್ದೆ ತಂದು ಎಲ್ಲ ಮಂಡಳಿಗಳ ಶಾಲೆಗಳಲ್ಲೂ ಮರಾಠಿಯನ್ನು ಕಡ್ಡಾಯ ಮಾಡಿದೆ. 2025ರ ಏಪ್ರಿಲ್‌ನಲ್ಲಿ ಒಂದನೇ ತರಗತಿಯಿಂದಲೇ ಹಿಂದಿಯನ್ನೂ ಸೇರಿಸಲು ಹೊರಟು, ವಿರೋಧ ಬಂದ ಮೇಲೆ ಜೂನ್ ಕೊನೆಗೆ ಆ ಆದೇಶಗಳನ್ನು ಹಿಂತೆಗೆದುಕೊಂಡಿತು. ಮಕ್ಕಳ ತಲೆಯ ಮೇಲೆ ಎಷ್ಟು ಲಿಪಿ ಹೊರಿಸಬಹುದು ಎಂಬ ಚರ್ಚೆ ಇಷ್ಟು ಜೋರಾಗಿ ನಡೆಯುವಾಗ, ನಾವು ಕನ್ನಡದವರು ನಮ್ಮ ಲಿಪಿಯನ್ನು ಯಾರೂ ಕೇಳದೆಯೇ ಇಳಿಸಿಟ್ಟಿದ್ದೇವೆ.

ಇಂಗ್ಲಿಷ್ ಓದು ಕಷ್ಟವಾಗುವುದು ಕನ್ನಡ ಅಡ್ಡ ಬರುವುದರಿಂದಲ್ಲ, ಇಂಗ್ಲಿಷ್ ಕಾಗುಣಿತವೇ ಹಾಗಿರುವುದರಿಂದ. ‘ಓ ಯು ಜಿ ಎಚ್’ ಎಂಬ ನಾಲ್ಕು ಅಕ್ಷರ ‘ದೋ’, ‘ಥ್ರೂ’, ‘ಕಾಫ್’ ಮೂರರಲ್ಲೂ ಬೇರೆ ಬೇರೆ ಸದ್ದು ಮಾಡುತ್ತವೆ. ಯುರೋಪಿನ 13 ಭಾಷೆಗಳ ಮಕ್ಕಳ ಓದನ್ನು ಹೋಲಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಮೊದಲ ವರ್ಷ ಮುಗಿಯುವ ಹೊತ್ತಿಗೆ ಫಿನ್ನಿಷ್ ಮಕ್ಕಳು ಪರಿಚಿತ ಪದಗಳನ್ನು ಬಹುತೇಕ ಎಲ್ಲವನ್ನೂ ಸರಿಯಾಗಿ ಓದುತ್ತಿದ್ದರು. ಇಂಗ್ಲಿಷ್ ಮಕ್ಕಳು ಮೂರರಲ್ಲಿ ಒಂದನ್ನಷ್ಟೇ. ಅದು ಅವರ ಸ್ವಂತ ಭಾಷೆ!

ಹಾಗೆಂದು ಕನ್ನಡ ಸುಲಭ ಎನ್ನಲಾರೆ. ವ್ಯಂಜನಗಳಿಗೆ ಸ್ವರ ಸೇರಿದರೆ ನಾನೂರಕ್ಕೂ ಹೆಚ್ಚು ರೂಪಗಳು, ಅದರ ಮೇಲೆ ಒತ್ತಕ್ಷರ. ದ, ಧ, ಥ, ಢಗಳ ಹೊಟ್ಟೆ ಸೀಳುವ ಗೆರೆ, ಚುಕ್ಕಿ ನೋಡಿ ದೊಡ್ಡವರೂ ತಡವರಿಸುತ್ತಾರೆ. ‘ಸೂರ್ಯ’ದಲ್ಲಿ ಅರ್ಕಾವತ್ತು ಕೂರುವುದು ಕೊನೆಯಲ್ಲಿ, ಓದುವುದು ಮೊದಲು. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಕನ್ನಡ ಮಕ್ಕಳ ಆರಂಭಿಕ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರಲು ಮಕ್ಕಳಿಗೆ ನಾಲ್ಕನೇ, ಐದನೇ ತರಗತಿಯವರೆಗೂ ಸಮಯ ಬೇಕಾಗುತ್ತದೆ. ಇಷ್ಟು ನಿಧಾನದ ಕೆಲಸವನ್ನು ಹತ್ತು ವರ್ಷಕ್ಕೆ ಮುಂದೂಡಿದರೆ ಮುಗಿಯುವುದು ಯಾವಾಗ? ಆದರೆ ಒಂದು ಸಮಾಧಾನವಿದೆ: ‘ಕ’ ಎಲ್ಲಿ ಕೂತರೂ ‘ಕ’ವೇ. ಅಕ್ಷರ ಸದ್ದನ್ನು ಹಿಡಿದಿಡುತ್ತದೆ ಎಂಬ ನಂಬಿಕೆ ಮಗುವಿಗೆ ಇಲ್ಲಿ ಬೇಗ ಹುಟ್ಟುತ್ತದೆ.

ಎಲ್ಲಿಂದ ಶುರು ಮಾಡಬೇಕು? ಅ ಆ ಇ ಈಯಿಂದ ಅಲ್ಲ. ಸರ್ಕಾರಿ ಕನ್ನಡ ಶಾಲೆಯಲ್ಲಿ ಕಲಿತ ನನ್ನ ವಯಸ್ಸಿನವರಿಗೆ ‘ರ ಗ ಸ ದ ಅ’ ಎಂದರೆ ಸಾಕು, ‘ಜ ವ ಮ ಬ ನ’ ತಾನಾಗಿ ಬಾಯಿಗೆ ಬರುತ್ತದೆ. ಆ ಕ್ರಮದ ಜಾಣತನ ನನಗೆ ಹೊಳೆದದ್ದು ಎಂ.ಟೆಕ್ ಮುಗಿಸಿ ಎಷ್ಟೋ ವರ್ಷವಾದ ಮೇಲೆ, ಮಗಳ ಫೋನಿಕ್ಸ್ ಪುಸ್ತಕ ನೋಡಿದಾಗ. ಈಗ ಪುಣೆಯ ಪೋಷಕರು ಸಾವಿರಾರು ರೂಪಾಯಿ ಕೊಟ್ಟು ಮಕ್ಕಳನ್ನು ಫೋನಿಕ್ಸ್ ತರಗತಿಗೆ ಕಳಿಸುತ್ತಾರೆ. ಜನಪ್ರಿಯವಾದ ಜಾಲಿ ಫೋನಿಕ್ಸ್‌ನಲ್ಲಿ ಮೊದಲು ಕಲಿಸುವುದು ಎ ಬಿ ಸಿ ಡಿ ಅಲ್ಲ, ಎಸ್, ಎ, ಟಿ, ಐ, ಪಿ, ಎನ್. ಈ ಆರು ಬಂದರೆ ‘ಸಿಟ್, ಪಿನ್, ಟ್ಯಾಪ್’ ಎಂದು ಹತ್ತಾರು ಪದ ಓದಬಹುದು. ನಮ್ಮ ಐದು ಅಕ್ಷರಕ್ಕೂ ಅದೇ ಲೆಕ್ಕ: ಸರ, ದರ, ಅರಸ, ಅಗಸ, ಗರಗಸ. ಮುಂದಿನ ಐದು ಸೇರಿದರೆ ಮರ, ವನ, ನಗರ, ಬಸವ, ಅವಸರ. ಫೀಸು ಕೊಡದೆ ನಾವು ಕಲಿತ ವಿದ್ಯೆ ಇದು, ಮನೆಯಲ್ಲೇ ಇದೆ.

ಪುಣೆಯ ಮಗುವಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ. ನನ್ನ ಮಗಳು ‘ಮರ’ವನ್ನು ‘ಮರ್’ ಎಂದು, ‘ಬಸವ’ನನ್ನು ‘ಬಸವ್’ ಎಂದು ಓದುತ್ತಿದ್ದಳು. ಮರಾಠಿಯಲ್ಲಿ ಪದದ ಕೊನೆಯ ‘ಅ’ಕಾರ ಬರವಣಿಗೆಯಲ್ಲಿದ್ದರೂ ಬಾಯಲ್ಲಿ ಉಳಿಯುವುದಿಲ್ಲ. ‘ನಗರ’ ಎಂದು ತೋರಿಸಿದರೆ ‘ಶಿವಾಜಿನಗರ್ ಅಂತಾರಲ್ಲ ಪಪ್ಪಾ’ ಎಂದು ನನ್ನನ್ನೇ ತಿದ್ದಿದಳು. ಅವಳ ತರ್ಕ ಸರಿಯಾಗಿಯೇ ಇತ್ತು. ಆದರೆ ಅದೇ ಮರಾಠಿ ಇನ್ನೊಂದು ಕಡೆ ಕೈ ಹಿಡಿಯುತ್ತದೆ. ವರ್ಣಮಾಲೆಯ ಸಾಲು ಹೆಚ್ಚುಕಡಿಮೆ ಅದೇ, ಕಾಗುಣಿತದ ಉಪಾಯ ಅದೇ, ‘ಳ’ ಕೂಡ ಎರಡರಲ್ಲೂ ಇದೆ. ‘ಎ–ಏ’, ‘ಒ–ಓ’ಗಳ ಹ್ರಸ್ವ–ದೀರ್ಘ ಭೇದ ಒಂದನ್ನು ಮಾತ್ರ ಬೇರೆಯಾಗಿ ಹೇಳಿಕೊಡಬೇಕು.

ಇನ್ನೊಂದು ತೊಡಕನ್ನು ನಾವೇ ತಂದುಕೊಂಡದ್ದು. ನಮ್ಮ ಮನೆಯಲ್ಲಿ ‘ಮನಿ’, ‘ಮಳಿ’. ಪುಸ್ತಕದಲ್ಲಿ ‘ಮನೆ’, ‘ಮಳೆ’. ಮಗು ಅಕ್ಷರ ಕೂಡಿಸಿ ‘ಮನೆ’ ಎಂದು ಓದಿ, ಹಾಗೆಂದರೆ ಏನೆಂದು ಕೇಳಿದರೆ ತಾಳಿಕೋಟೆಯ ಅಜ್ಜಿಗೆ ನಗು, ನನಗೆ ಸಂಕಟ. ಆದ್ದರಿಂದ ಮೊದಲ ಓದು ಮನೆಮಾತಿನಲ್ಲೇ ಇರಲಿ ಎನ್ನುತ್ತೇನೆ. ನನ್ನ ಅವ್ವ ದಿನಕ್ಕೊಂದು ವಾಟ್ಸ್ಆ್ಯಪ್ ಸಂದೇಶ ಕನ್ನಡ ಲಿಪಿಯಲ್ಲಿ ಮೊಮ್ಮಗಳಿಗೆಂದೇ ಕಳಿಸುತ್ತಾಳೆ: ‘ಮಳಿ ಬಂತು’, ‘ಎಮ್ಮಿ ಕರಾ ಹಾಕ್ತು’. ವ್ಯಾಕರಣ ಬಲ್ಲವರು ಸಿಟ್ಟಾಗಬಹುದು. ಆದರೆ ಎಮ್ಮೆಯ ಕರುವಿನ ಸುದ್ದಿ ಓದಲು ಮಗಳು ಒತ್ತಕ್ಷರವನ್ನು ಒಂದೇ ವಾರದಲ್ಲಿ ಕಲಿತಳು. ‘ಮನಿ’ಯಿಂದ ‘ಮನೆ’ಗೆ ಆಮೇಲೆ ಹೋಗಬಹುದು, ದೂರವೇನಿಲ್ಲ.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಸಾಲದೇ ಎಂದು ಕೇಳುವ ಗೆಳೆಯರಿದ್ದಾರೆ. ಅದರಲ್ಲಿ ‘ಹಾಲು’ ಮತ್ತು ‘ಹಾಳು’ ಒಂದೇ ಥರ ಕಾಣುತ್ತವೆ. ‘ಹಾಲಾಯ್ತು’ ಅಂದಿದ್ದೋ ‘ಹಾಳಾಯ್ತು’ ಅಂದಿದ್ದೋ ಊಹಿಸುತ್ತ ಕೂರಬೇಕು. ಇನ್ನು ಮಾತಷ್ಟೇ ಸಾಕು ಎನ್ನುವವರ ಮಕ್ಕಳ ಕನ್ನಡ ಊಟ, ಸ್ನಾನ, ನಿದ್ದೆ, ಬೈಗುಳದ ಆಚೆಗೆ ಬೆಳೆದದ್ದನ್ನು ನಾನು ಕಂಡಿಲ್ಲ. ಅಡುಗೆಮನೆಯಲ್ಲಿ ಇಲ್ಲದ ಪದಗಳು ಪುಸ್ತಕದಿಂದಲೇ ಬರಬೇಕು.

ಪುಸ್ತಕಕ್ಕೆ ಕೊರತೆಯೂ ಇಲ್ಲ. ಮಹಾರಾಷ್ಟ್ರದ ಕನ್ನಡ ಮಾಧ್ಯಮ ಶಾಲೆಗಳಿಗೆ ಪಠ್ಯ ತಯಾರಿಸುವ ಬಾಲಭಾರತಿ 1967ರಿಂದ ಪುಣೆಯಲ್ಲೇ ಇದೆ. ಸೇನಾಪತಿ ಬಾಪಟ್ ರಸ್ತೆಯಲ್ಲಿ ಅದರ ಮುಂದೆ ಓಡಾಡುವ ಎಷ್ಟೋ ಕನ್ನಡಿಗರಿಗೆ ಒಳಗೆ ಕನ್ನಡ ಪುಸ್ತಕ ತಯಾರಾಗುತ್ತದೆಂದು ಗೊತ್ತಿಲ್ಲ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಮಟ್ಟಕ್ಕೆ ತಕ್ಕ ಕನ್ನಡ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಒಂದೇ ಕಥೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಇರುವುದನ್ನು ಆರಿಸಿಕೊಂಡರೆ ರಾತ್ರಿಯ ಹದಿನೈದು ನಿಮಿಷದಲ್ಲಿ ಎರಡೂ ಓದಾಗುತ್ತದೆ.

ಕಳೆದ ದೀಪಾವಳಿಯಿಂದ ನಾಲ್ಕು ಮನೆಯವರು ಸೇರಿ ಕ್ಲಬ್‌ಹೌಸಿನಲ್ಲಿ ಭಾನುವಾರ ಒಂದು ಗಂಟೆ ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದೇವೆ. ಗೇಟಿನ ವಾಚ್‌ಮನ್ ಅಫಜಲಪುರದ ಕಡೆಯವರು. ಅವರ ಮಗ ಪಾಲಿಕೆಯ ಮರಾಠಿ ಶಾಲೆಯಲ್ಲಿ ಎರಡನೇ ತರಗತಿ. ಅವನನ್ನೂ ಕಳಿಸಿ ಎಂದಾಗ ಅವರು, ‘ಅವಂಗ ಎಲ್ಲಿ ತಿಳೀತದ್ರೀ ಸರ, ಮರಾಠಿ ಶಾಳೆ ಹುಡುಗ’ ಎಂದರು. ಮರಾಠಿ ಕಾಗುಣಿತ ಪಕ್ಕಾ ಇದ್ದ ಹುಡುಗ ಮೂರು ತಿಂಗಳಲ್ಲಿ ನಮ್ಮ ಮಕ್ಕಳನ್ನು ಹಿಂದೆ ಹಾಕಿದ. ಈಗ ‘ಬಸವ್’ ಎಂದು ಯಾರಾದರೂ ಓದಿದರೆ ಮೊದಲು ತಿದ್ದುವವನು ಅವನೇ.