ಸ್ಕ್ರೀನ್‌ಶಾಟ್ ಮೇಲೆ ಗೆರೆ ಎಳೆದರೆ ಆಫ್‌ಸೈಡ್ ಸಾಬೀತಾಗುತ್ತದೆಯೇ?

ಮೂಡಿಗೆರೆ ಕಡೆಯ ಒಂದು ಊರಲ್ಲಿ ಫುಟ್‌ಬಾಲ್ ಟೂರ್ನಮೆಂಟ್ ಮುಗಿದ ರಾತ್ರಿ ನಮ್ಮ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ಫೋಟೊ ಬಂತು. ಯಾರದೋ ಮೊಬೈಲ್ ವಿಡಿಯೊದ ಸ್ಕ್ರೀನ್‌ಶಾಟ್, ಅದರ ಮೇಲೆ ಬೆರಳಲ್ಲಿ ಎಳೆದ ಕೆಂಪು ಗೆರೆ. ಕೆಳಗೆ, 'ನೋಡಿ, ಪಕ್ಕಾ ಆಫ್‌ಸೈಡ್. ಲೈನ್ಸ್‌ಮನ್ ದುಡ್ಡು ತಿಂದಿದ್ದಾನೆ' ಎಂಬ ಬರಹ. ಬಾವುಟ ಹಿಡಿದಿದ್ದವನು ಬಿಟ್ಟಿಯಾಗಿ ನಿಂತಿದ್ದ ಕಾಲೇಜು ಹುಡುಗ. ಬೆಳಗಾಗುವಷ್ಟರಲ್ಲಿ ಅದೇ ಫೋಟೊ ಕಳಸದ ಒಂದು ಗ್ರೂಪಿನಿಂದ ನನಗೇ ವಾಪಸ್ ಬಂತು, ಈ ಸಲ ಅವನ ಹೆಸರಿನ ಸಮೇತ.

ಹೀಗೆ ಗೆರೆ ಎಳೆಯುವುದನ್ನು ನಾವೆಲ್ಲ ಕಲಿತದ್ದು ಟಿವಿ ನೋಡಿ. ವಿಡಿಯೊ ಅಸಿಸ್ಟೆಂಟ್ ರೆಫ್ರಿ, ಅಂದರೆ ವಿಎಆರ್, 2018ರಲ್ಲಿ ಫುಟ್‌ಬಾಲ್ ನಿಯಮಗಳೊಳಗೆ ಸೇರಿತು. ಅದೇ ವರ್ಷ ರಷ್ಯಾದ ವಿಶ್ವಕಪ್‌ನಲ್ಲೂ ಬಳಕೆಯಾಯಿತು. 'ವಿಎಆರ್ ಬಂದು ಆಫ್‌ಸೈಡ್ ನಿಯಮವನ್ನೇ ಬದಲಿಸಿತು' ಎನ್ನುವ ಮಾತು ಮಾತ್ರ ಸರಿಯಲ್ಲ. ಮೂಲ ನಿಯಮ ಹಳೆಯದೇ. ಎದುರಾಳಿಯ ಅರ್ಧದಲ್ಲಿರುವ ಆಟಗಾರ, ತನ್ನ ತಂಡದವನು ಚೆಂಡನ್ನು ಒದ್ದ ಕ್ಷಣದಲ್ಲಿ, ಚೆಂಡಿಗಿಂತಲೂ ಎದುರಾಳಿಗಳ ಕೊನೆಯಿಂದ ಎರಡನೆಯವನಿಗಿಂತಲೂ ಗೋಲ್ ಗೆರೆಗೆ ಹತ್ತಿರವಿದ್ದರೆ ಅದು ಆಫ್‌ಸೈಡ್ ಸ್ಥಾನ. ಕೈ ಮತ್ತು ತೋಳು ಲೆಕ್ಕಕ್ಕಿಲ್ಲ. ಈ 'ಎರಡನೆಯವನು' 1925ರಿಂದ ಇದ್ದಾನೆ. ಸಮಾನ ಸಾಲಿನಲ್ಲಿದ್ದರೆ ತಪ್ಪಲ್ಲ ಎಂದಾಗಿದ್ದು 1990ರಲ್ಲಿ. ಬದಲಾದದ್ದು ಅಳೆಯುವ ರೀತಿ. ಮೊದಲು ಅನುಮಾನ ಬಂದರೆ ಬಾವುಟ ಎತ್ತಬೇಡಿ ಎನ್ನುತ್ತಿದ್ದರು. ಈಗ ಹೆಬ್ಬೆರಳು, ಭುಜದ ಅಂಚು ಮುಂದಿದ್ದರೂ ಗೋಲು ರದ್ದು.

ನಮ್ಮ ಗ್ರೂಪಿನ ಫೋಟೊದಲ್ಲಿ ಎರಡು ತೊಂದರೆಗಳಿದ್ದವು. ಮೊದಲನೆಯದು ಕೋನ. ತೋಟದ ರಸ್ತೆಯ ಎರಡೂ ಬದಿಯ ಸಿಲ್ವರ್ ಓಕ್ ಸಾಲುಗಳು ದೂರದಲ್ಲಿ ಒಂದಕ್ಕೊಂದು ಹತ್ತಿರ ಬಂದಂತೆ ಕಾಣುತ್ತವಲ್ಲ, ಕ್ಯಾಮೆರಾದಲ್ಲಿ ಮೈದಾನವೂ ಹಾಗೆಯೇ. ಗೋಲ್ ಗೆರೆಗೆ ಸಮಾನಾಂತರವಾದ ಗೆರೆ ಫೋಟೊದಲ್ಲಿ ಓರೆಯಾಗಿರಬೇಕು, ಎಷ್ಟು ಓರೆ ಎನ್ನುವುದು ಕ್ಯಾಮೆರಾ ನಿಂತ ಜಾಗದ ಮೇಲೆ ಹೋಗುತ್ತದೆ. ಸ್ಕ್ರೀನ್ ಮೇಲೆ ನೆಟ್ಟಗೆ ಎಳೆದ ಗೆರೆ ನೆಲದ ಮೇಲೆ ಸೊಟ್ಟಗಿರುತ್ತದೆ. ಮನೆಯ ಟೈಲ್ಸ್ ನೆಲವನ್ನು ಮೂಲೆಯಿಂದ ಫೋಟೊ ತೆಗೆದು ನೋಡಿ, ಗೊತ್ತಾಗುತ್ತದೆ.

ಎರಡನೆಯದು ಕ್ಷಣ, ನನಗೆ ಇದೇ ದೊಡ್ಡದು ಅನ್ನಿಸುತ್ತದೆ. ಮೊಬೈಲ್ ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡುವವನು ಎರಡು ಚಿತ್ರಗಳ ನಡುವೆ ಸುಮಾರು 27 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಡಿಫೆಂಡರ್ ಎದುರು ದಿಕ್ಕಿಗೆ ಓಡುತ್ತಿದ್ದರೆ ವ್ಯತ್ಯಾಸ ಇನ್ನೂ ಜಾಸ್ತಿ. ಕಾಲು ಚೆಂಡಿಗೆ ತಾಗಿದ ಕ್ಷಣ ಆ ಎರಡು ಚಿತ್ರಗಳ ಮಧ್ಯೆ ಎಲ್ಲೋ ಕಳೆದುಹೋಗಿರುತ್ತದೆ. ಸೆಕೆಂಡಿಗೆ 50 ಚಿತ್ರಗಳ ಟಿವಿ ಕ್ಯಾಮೆರಾದಲ್ಲೂ 16 ಸೆಂಟಿಮೀಟರ್ ಅಂತರ ಉಳಿಯುತ್ತದೆ. ಕೂದಲೆಳೆಯ ಗೆರೆಗಳ ಬಗ್ಗೆ ಟೀಕೆ ಹೆಚ್ಚಿ, ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2021-22ರಿಂದ ದಪ್ಪ ಗೆರೆ ಬಳಸತೊಡಗಿದ್ದು ಸುಮ್ಮನೆ ಅಲ್ಲ.

2022ರ ಕತಾರ್ ವಿಶ್ವಕಪ್‌ನಲ್ಲಿ ಈ ಅಂತರವನ್ನು ಬಹಳಷ್ಟು ಕಿರಿದು ಮಾಡಿದರು. ಸ್ಟೇಡಿಯಂ ಚಾವಣಿಯಡಿ 12 ಕ್ಯಾಮೆರಾಗಳು ಪ್ರತಿ ಆಟಗಾರನ ಮೈಮೇಲಿನ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಗುರುತಿಸುತ್ತಿದ್ದವು. ಚೆಂಡಿನೊಳಗಿನ ಸೆನ್ಸರ್ ಸೆಕೆಂಡಿಗೆ 500 ಸಲ ಮಾಹಿತಿ ಕಳಿಸಿ ಒದ್ದ ಕ್ಷಣವನ್ನು ಹಿಡಿಯುತ್ತಿತ್ತು. ಸೌದಿ ಅರೇಬಿಯಾ ವಿರುದ್ಧ ಮೊದಲಾರ್ಧದಲ್ಲೇ ಅರ್ಜೆಂಟೀನಾದ ಮೂರು ಗೋಲುಗಳು ಆಫ್‌ಸೈಡ್ ಆದದ್ದು ಮೆಸ್ಸಿ ಅಭಿಮಾನಿಗಳಿಗೆ ಇನ್ನೂ ನೆನಪಿರಬಹುದು. ಆ ಪಂದ್ಯ ಸೌದಿ 2-1ರಿಂದ ಗೆದ್ದಿತು.

ಇಷ್ಟಾದರೂ ಕೊನೆಯ ಮಾತು ಮನುಷ್ಯನದೇ. 2023ರ ಸೆಪ್ಟೆಂಬರ್ 30ರಂದು ಟಾಟೆನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಹೊಡೆದ ಗೋಲಿಗೆ ಮೈದಾನದಲ್ಲಿ ಆಫ್‌ಸೈಡ್ ಕೊಟ್ಟರು. ವಿಡಿಯೊ ಕೊಠಡಿಯಲ್ಲಿ ನೋಡಿದಾಗ ಆತ ಸರಿಯಾದ ಜಾಗದಲ್ಲೇ ಇದ್ದ. ಆದರೆ ಮೈದಾನದ ತೀರ್ಪು 'ಗೋಲು' ಎಂದೇ ಇದೆ ಅಂದುಕೊಂಡ ಅಧಿಕಾರಿ 'ಪರಿಶೀಲನೆ ಮುಗಿಯಿತು' ಎಂದುಬಿಟ್ಟರು. ತಪ್ಪು ಗೊತ್ತಾಗುವಷ್ಟರಲ್ಲಿ ಆಟ ಮತ್ತೆ ಶುರುವಾಗಿತ್ತು, ಗೋಲು ಹೋಯಿತು.

ನಮ್ಮ ಐಎಸ್‌ಎಲ್‌ನಲ್ಲಿ 2024-25ರ ಸೀಸನ್‌ನಲ್ಲೂ ವಿಎಆರ್ ಇರಲಿಲ್ಲ. 'ವಿಎಆರ್ ಇದ್ದಿದ್ದರೆ' ಎಂಬ ಮಾತು ಬಂದಾಗಲೆಲ್ಲ 2023ರ ಮಾರ್ಚ್ 3ರ ಕಂಠೀರವ ಪಂದ್ಯವನ್ನು ಎಳೆದು ತರುತ್ತಾರೆ. ಹೆಚ್ಚುವರಿ ಸಮಯದಲ್ಲಿ ಸುನಿಲ್ ಛೆಟ್ರಿ ಥಟ್ಟನೆ ಹೊಡೆದ ಫ್ರೀ ಕಿಕ್ ಗೋಲಾಗಿ, ಕೇರಳ ಬ್ಲಾಸ್ಟರ್ಸ್ ಆಟಗಾರರು ಮೈದಾನ ಬಿಟ್ಟು ಹೋದ ಪಂದ್ಯ ಅದು. ಅಲ್ಲಿದ್ದ ಜಗಳ ಆಫ್‌ಸೈಡ್‌ನದ್ದಲ್ಲ. ಎದುರಾಳಿ ಸಿದ್ಧವಾಗುವ ಮೊದಲೇ ಒದೆಯಬಹುದಿತ್ತೇ ಎಂಬುದು. ಗೆರೆ ಎಳೆದು ಬಗೆಹರಿಸುವ ವಿಷಯವೇ ಅಲ್ಲ.

ಅಂದಹಾಗೆ, ಟಿವಿಯಿಂದ ನಮ್ಮೂರ ಮೈದಾನಕ್ಕೆ ಇಳಿದ ಇನ್ನೊಂದು ಅಭ್ಯಾಸವಿದೆ: ಬಾವುಟವನ್ನು ತಡವಾಗಿ ಎತ್ತುವುದು. ವಿಎಆರ್ ಇರುವಲ್ಲಿ ಸೂಕ್ಷ್ಮ ಸಂದರ್ಭಗಳಲ್ಲಿ ಆಟ ಸಾಗಲು ಬಿಟ್ಟು ಆಮೇಲೆ ಬಾವುಟ ಎತ್ತುತ್ತಾರೆ, ಗೋಲಾದರೆ ವಿಡಿಯೊ ನೋಡಬಹುದು ಎಂಬ ಧೈರ್ಯದಿಂದ. ಅಲ್ಲೂ ಇದಕ್ಕೆ ಬೆಲೆ ತೆರಬೇಕಾಗಿದೆ. 2025ರ ಮೇ 11ರಂದು ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ತೈವೊ ಅವೊನಿಯಿ, ಆಫ್‌ಸೈಡ್ ಆಗಿದ್ದರೂ ನಿಲ್ಲದೆ ಸಾಗಿದ ಆಟದಲ್ಲಿ ಗೋಲ್ ಕಂಬಕ್ಕೆ ಅಪ್ಪಳಿಸಿದರು. ಹೊಟ್ಟೆಗೆ ಬಿದ್ದ ಪೆಟ್ಟಿಗೆ ತುರ್ತು ಶಸ್ತ್ರಚಿಕಿತ್ಸೆ ಬೇಕಾಯಿತು, ಕೆಲ ದಿನ ಕೃತಕ ಕೋಮಾದಲ್ಲಿಟ್ಟಿದ್ದರು. ನೋಡಲು ವಿಡಿಯೊ ಕೊಠಡಿಯೇ ಇಲ್ಲದ ಮೈದಾನದಲ್ಲಿ ಲೈನ್ಸ್‌ಮನ್ ಕಾಯುವುದಕ್ಕೆ ಕಾರಣವೇ ಇಲ್ಲ. ಕಂಡ ತಕ್ಷಣ ಬಾವುಟ ಎತ್ತಬಹುದು.