ಬೆಳಗಿನ ತಿಂಡಿಗೆ ರಾತ್ರಿಯೇ ಮುಹೂರ್ತ

ಶಿವಗಂಗೆ ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 4,500 ಅಡಿ ಎತ್ತರದಲ್ಲಿದೆ. ಬರಿ ಹೊಟ್ಟೆಯಲ್ಲಿ ಅದನ್ನು ಹತ್ತಲು ಹೊರಟ ಹುಡುಗನನ್ನು ಮನೆಯ ಹಿರಿಯರು ತಡೆದು ಏನಾದರೂ ತಿನ್ನಿಸಿ ಕಳಿಸುತ್ತಾರೆ. ಅದೇ ಹುಡುಗ ಒಂದು ಲೋಟ ಟೀ, ಎರಡು ಬಿಸ್ಕತ್ತು ಮುಗಿಸಿ ಶಾಲೆಯ ಬಸ್ಸಿಗೆ ಓಡಿದರೆ ಯಾರೂ ತಡೆಯುವುದಿಲ್ಲ. ಹೊತ್ತಾಯಿತು ಎಂಬ ಕಾರಣ ಎಲ್ಲರಿಗೂ ಒಪ್ಪಿಗೆಯಾಗಿಬಿಡುತ್ತದೆ.

ಪೋಷಕರು ಒಂದು ಸಣ್ಣ ಲೆಕ್ಕ ಮಾಡಲಿ. ರಾತ್ರಿ 9ಕ್ಕೆ ಉಂಡ ಮಗು ಮತ್ತೆ ಉಣ್ಣುವುದು ಮಧ್ಯಾಹ್ನ 1ಕ್ಕಾದರೆ ನಡುವೆ 16 ಗಂಟೆಗಳ ಅಂತರ. ವಯಸ್ಕರಲ್ಲಿ ಮಿದುಳಿನ ತೂಕ ದೇಹದ ತೂಕದ ಶೇ. 2ರಷ್ಟು, ಆದರೆ ಸುಮ್ಮನೆ ಕುಳಿತಾಗ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ. 20 ಭಾಗ ಅದಕ್ಕೇ ಬೇಕು. ಬೆಳೆಯುವ ಮಕ್ಕಳಲ್ಲಿ ಈ ಪಾಲು ಇನ್ನೂ ಹೆಚ್ಚು. ನಿದ್ದೆಯಲ್ಲೂ ಈ ಖರ್ಚು ನಿಲ್ಲದ ಕಾರಣ ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಬೆಳಗಾಗುವಷ್ಟರಲ್ಲಿ ಬಹುಪಾಲು ತೀರಿರುತ್ತದೆ. ಗಣಿತ ತಲೆಗೆ ಹತ್ತುತ್ತಿಲ್ಲವೆಂದು ಮಗುವನ್ನು ಬೈಯುವ ಮೊದಲು, ತಿಂಡಿ ತಿಂದಿದ್ದಾನೆಯೇ ಎಂದು ಕೇಳುವುದು ಲೇಸು.

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 10ನೇ ತರಗತಿಯವರೆಗಿನ ಮಕ್ಕಳಿಗೆ ವಾರಕ್ಕೆ 6 ದಿನ ಮೊಟ್ಟೆ ಕೊಡುವ ಏರ್ಪಾಡು 2024ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಆದರೆ ಅದು ಮಧ್ಯಾಹ್ನದ ಊಟದ ಮಾತು. ಬೆಳಗಿನ ಹೊಣೆ ಮನೆಯದೇ.

ಆ ಹೊಣೆಯನ್ನು ಹಗುರ ಮಾಡುವ ಉಪಾಯ ಮೊಟ್ಟೆ ಇಡ್ಲಿ. ನಾಲ್ಕು ಮೊಟ್ಟೆ ಒಡೆದು, ಸಣ್ಣಗೆ ಹೆಚ್ಚಿದ ಈರುಳ್ಳಿ, ತುರಿದ ಕ್ಯಾರೆಟ್, ಕೊತ್ತಂಬರಿ ಸೊಪ್ಪು, ಉಪ್ಪು, ಚಿಟಿಕೆ ಮೆಣಸಿನ ಪುಡಿ ಹಾಕಿ ಚೆನ್ನಾಗಿ ಕಲಕಬೇಕು. ಎಣ್ಣೆ ಸವರಿದ ಇಡ್ಲಿ ತಟ್ಟೆಯ ಗುಳಿಗಳಿಗೆ ಮುಕ್ಕಾಲು ಭಾಗ ಹೊಯ್ದು 10-12 ನಿಮಿಷ ಹಬೆಯಲ್ಲಿ ಬೇಯಿಸಿದರೆ ಆಯಿತು. ಮೊಟ್ಟೆಯ ಬಿಳಿಭಾಗ ಸುಮಾರು 62 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗತೊಡಗುತ್ತದೆ. ಸುರುಳಿ ಸುತ್ತಿದ್ದ ಪ್ರೋಟೀನಿನ ಎಳೆಗಳು ಬಿಸಿಗೆ ಬಿಚ್ಚಿಕೊಂಡು ಒಂದಕ್ಕೊಂದು ಹೆಣೆದುಕೊಳ್ಳುವುದೇ ಇದಕ್ಕೆ ಕಾರಣ. ನಡುಭಾಗವೂ ಗಟ್ಟಿಯಾಗಿ ಬೇಯಬೇಕು. ಹಸಿ ಉಳಿದರೆ ಸಾಲ್ಮೊನೆಲ್ಲಾ ಎಂಬ ರೋಗಾಣು ಉಳಿಯಬಹುದು.

ಫ್ರಿಜ್ ಇರುವ ಮನೆಯವರು ಇದನ್ನು ರಾತ್ರಿಯೇ ಮಾಡಿ, ಎರಡು ಗಂಟೆಯೊಳಗೆ ಮುಚ್ಚಿ ಒಳಗಿಟ್ಟರೆ ಮೂರು ದಿನ ಬಳಸಬಹುದು. ಬೆಳಿಗ್ಗೆ ಹೊಗೆಯಾಡುವಷ್ಟು ಬಿಸಿ ಮಾಡಿ ಮನೆಯಲ್ಲೇ ತಿನ್ನಿಸಬೇಕು.

ಫ್ರಿಜ್ ಇಲ್ಲದವರು ಮೊಟ್ಟೆಯನ್ನು ರಾತ್ರಿಯೇ ಬೇಯಿಸಿ ಹೊರಗಿಡಕೂಡದು. ಹಸಿ ಮೊಟ್ಟೆಯೇ ಹೊರಗಡೆ ದಿನಗಟ್ಟಲೆ ಕೆಡದಿರುವಾಗ ಬೆಂದದ್ದು ಕೆಡುವುದೇ ಎಂದು ಕೇಳಬಹುದು. ಕೆಡುತ್ತದೆ! ಮೊಟ್ಟೆಯ ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಅವನ್ನು ಮುಚ್ಚಿರುವ ತೆಳು ಲೇಪ ನೀರಿನಲ್ಲಿ ಕುದಿಸಿದಾಗ ಹೋಗಿಬಿಡುತ್ತದೆ. ಆಮೇಲೆ ರೋಗಾಣುಗಳಿಗೆ ಬಾಗಿಲು ತೆರೆದಂತೆ. ಇಂಥ ಮನೆಗಳಲ್ಲಿ ರಾತ್ರಿ ತಟ್ಟೆ, ಪಾತ್ರೆ, ತೊಳೆದ ತರಕಾರಿ ಅಣಿಮಾಡಿಟ್ಟರೆ ಸಾಕು. ಬೆಳಗಿನ ಕೆಲಸ ಕಾಲು ಗಂಟೆಯದು.

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಸಿ ಜೀವಸತ್ವ ಇಲ್ಲ, ನಾರಿನಂಶವೂ ಇಲ್ಲ. ಆದ್ದರಿಂದ ಜೊತೆಗೆ ಒಂದು ರಾಗಿರೊಟ್ಟಿ, ಅರ್ಧ ಸೀಬೆಹಣ್ಣು ಇರಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ಮೊಟ್ಟೆ ಮುಟ್ಟದ ಮನೆಯವರು ರಾತ್ರಿ ಹೆಸರುಕಾಳು ನೆನೆಹಾಕಿ ಬೆಳಿಗ್ಗೆ ರುಬ್ಬಿ ದೋಸೆ ಹುಯ್ಯಬಹುದು. ತಿಂಡಿಯ ಜೊತೆಗೆ ಟೀ ಮಾತ್ರ ಬೇಡ. ಅದರಲ್ಲಿರುವ ಟ್ಯಾನಿನ್, ಆಹಾರದ ಕಬ್ಬಿಣಾಂಶ ರಕ್ತ ಸೇರದಂತೆ ಅಡ್ಡಿಮಾಡುತ್ತದೆ. ಬೆಳೆಯುವ ಹೆಣ್ಣುಮಕ್ಕಳಿಗೆ ಇದು ಸಣ್ಣ ನಷ್ಟವಲ್ಲ.

ವಿದ್ಯಾರ್ಥಿಗಳೇ, ಇದರಲ್ಲಿ ನಿಮ್ಮ ಪಾಲೂ ಇದೆ. ಮಲಗುವ ಮೊದಲು ಪುಸ್ತಕದ ಚೀಲ ಜೋಡಿಸಿಡುವಂತೆ ತರಕಾರಿ ತೊಳೆದು, ಇಡ್ಲಿ ತಟ್ಟೆಗೆ ಎಣ್ಣೆ ಸವರಿಡಿ. ಅಮ್ಮನ ಬೆಳಗಿನ ಹತ್ತು ನಿಮಿಷ ಉಳಿಯುತ್ತದೆ. ಆ ಹತ್ತು ನಿಮಿಷ ಕುಳಿತು ತಿನ್ನಲು ನಿಮಗೇ ಸಿಗುತ್ತದೆ.